ಹನ್ನೆರಡು ಗಂಟೆಯ ಕಾರ್ಟೆಕ್ಸ್

ಕಣ್ಣಿನ ಪೊರೆಯ ಆಪರೇಶನ್ ನೋಡಲು ಬರುವ ವಿದ್ಯಾರ್ಥಿಗಳು ಒಳಗಿನ ಗಟ್ಟಿ ಬೀಜ ಹೊರಗೆ ಜಾರಿದ ಕೂಡಲೇ ಉಸಿರು ಬಿಡುತ್ತಾರೆ. ಮುಖ್ಯ ಕೆಲಸ ಮುಗಿಯಿತು ಎಂದು ಅವರ ಎಣಿಕೆ. ನನಗೆ ಎದೆ ಡವಡವ ಎನ್ನಲು ಶುರುವಾಗುವುದೇ ಆಗ.

ಕಣ್ಣಿನ ಮಸೂರ ಒಂದು ಚೀಲದೊಳಗೆ ಕೂತಿರುತ್ತದೆ. ನಡುವೆ ಗಟ್ಟಿ ಬೀಜ, ಅದರ ಸುತ್ತ ಅಂಟಂಟಾದ ಮೆತ್ತನೆಯ ಪದರ. ಆ ಪದರಕ್ಕೆ ಕಾರ್ಟೆಕ್ಸ್ ಎನ್ನುತ್ತೇವೆ. ಬೀಜ ಹೋದ ಮೇಲೂ ಅದು ಚೀಲದ ಒಳಗೋಡೆಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಹೀರಿ ತೆಗೆಯಬೇಕು, ಚೀಲ ಮಾತ್ರ ಹರಿಯಬಾರದು. ಹೊಸ ಲೆನ್ಸ್ ಕೂರುವುದು ಅದೇ ಚೀಲದಲ್ಲಿ. ಅದರ ಹಿಂಗೋಡೆಯೋ, ಉಳ್ಳಾಗಡ್ಡಿಯ ಒಳಪೊರೆಗಿಂತ ಎಷ್ಟೋ ತೆಳು. ಹರಿದರೆ ಕಣ್ಣಿನ ಹಿಂಭಾಗದ ಲೋಳೆ ಮುಂದಕ್ಕೆ ನುಗ್ಗುತ್ತದೆ, ಅದರ ಬೆನ್ನಿಗೆ ಊತ, ಸೋಂಕು, ಅಕ್ಷಿಪಟಲ ಕಳಚುವುದು, ಇವೆಲ್ಲವುಗಳ ಭಯ ಸಾಲುಗಟ್ಟಿ ಬರುತ್ತದೆ.

ನಾನು ಆಗ ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದೆ. ಧಾರವಾಡದ ಸಪ್ತಾಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನಗೆ ಕಲಿಸುತ್ತಿದ್ದ ಹಿರಿಯ ಮೇಡಂ ಕೂಡ ಧಾರವಾಡದವರೇ. ಸೂಕ್ಷ್ಮದರ್ಶಕದ ಪಕ್ಕಕ್ಕೆ ಜೋಡಿಸಿದ ಇನ್ನೊಂದು ಕೊಳವೆಯಿಂದ ನನ್ನ ಕೆಲಸ ನೋಡುತ್ತ, ಸಣ್ಣ ದನಿಯಲ್ಲಿ ಮಾತಾಡುತ್ತ ಇರುತ್ತಿದ್ದರು. ಬೈಯುವುದು ಅವರಿಗೆ ಗೊತ್ತೇ ಇರಲಿಲ್ಲ. ಆಮೇಲೆ ಎಷ್ಟೋ ಸಲ ಅನಿಸಿದೆ, ಬೈಯುವವರಾಗಿದ್ದರೆ ಆ ದಿನ ಅನಾಹುತ ಆಗುತ್ತಿರಲಿಲ್ಲ ಎಂದು.

ಆ ದಿನ ಮೇಜಿನ ಮೇಲೆ ಇದ್ದವರು ನಿವೃತ್ತ ಬಸ್ ಕಂಡಕ್ಟರ್ ಒಬ್ಬರು. ಬೀಜ ಸಲೀಸಾಗಿ ಬಂತು. ನಾನು ಕ್ಯಾನುಲಾ ಒಳಗೆ ಇಳಿಸಿದೆ. ಅದು ಎರಡು ದಾರಿಯ ಸಣ್ಣ ನಳಿಕೆ. ಒಂದು ದಾರಿಯಲ್ಲಿ ಮೇಲೆ ತೂಗುಹಾಕಿದ ಬಾಟಲಿಯ ನೀರು ಕಣ್ಣಿನೊಳಗೆ ಹೋಗುತ್ತದೆ. ಇನ್ನೊಂದರಲ್ಲಿ, ಬೆನ್ನಿಗೆ ಸಿಕ್ಕಿಸಿದ ಸಿರಿಂಜಿನ ಪಿಸ್ಟನ್ ಹಿಂದಕ್ಕೆ ಎಳೆದರೆ, ಕಾರ್ಟೆಕ್ಸ್ ಹೊರಗೆ ಬರುತ್ತದೆ. ಹೀರುವ ಬಾಯಿ ಸಾಸಿವೆಗಿಂತ ಸಣ್ಣದು. ಅದು ಯಾವಾಗಲೂ ಮೇಲ್ಮುಖವಾಗಿ, ನಮ್ಮ ಕಣ್ಣಿಗೆ ಕಾಣುವಂತೆ ಇರಬೇಕು. ಅಂಚಿನಲ್ಲಿ ಕಾರ್ಟೆಕ್ಸನ್ನು ಮೆಲ್ಲಗೆ ಹಿಡಿದು, ನಡುವಿಗೆ ತಂದು, ಅಲ್ಲಿಯೇ ಜೋರಾಗಿ ಹೀರಬೇಕು. ಅಂಚಿನಲ್ಲಿ ಜೋರು ಮಾಡಿದರೆ ಚೀಲವೇ ಬಾಯಿಗೆ ಸಿಕ್ಕಿಬಿಡುತ್ತದೆ.

"ಛಲೋ ನಡದದ ಬಿಡ್ರಿ," ಎಂದರು ಮೇಡಂ. ಇನ್ನೊಂದು ತುಣುಕು ಬಂತು. "ಭಾಳ ಛಲೋ ಬಿಡ್ರಿ."

ನಮ್ಮ ಕಡೆ 'ಬಿಡ್ರಿ' ಎನ್ನದೆ ಮಾತೇ ಮುಗಿಯುವುದಿಲ್ಲ. ಮಳಿ ಬಂತು ಬಿಡ್ರಿ, ಚಹಾ ಮಸ್ತ ಆಗೇದ ಬಿಡ್ರಿ, ಅವರ ಮಗಳ ಲಗ್ನ ಆತು ಬಿಡ್ರಿ. ಅಲ್ಲಿ ಬಿಡಲು ಏನೂ ಇರುವುದಿಲ್ಲ. ಅದೊಂದು ಸಮಾಧಾನದ ಸದ್ದು, ಅಷ್ಟೇ.

ಮೂರನೆಯ ತುಣುಕಿಗೆ ಕೈಹಾಕಿದಾಗ ಕ್ಯಾನುಲಾದ ಬಾಯಿಂದ ಸುತ್ತಲೂ ಸಣ್ಣ ಗೆರೆಗಳು ಹೊರಟವು, ಬಟ್ಟೆಯನ್ನು ಒಂದೇ ಬೆರಳಿನಿಂದ ಹಿಡಿದೆತ್ತಿದಾಗ ನೆರಿಗೆ ಬೀಳುವ ಹಾಗೆ. ಚೀಲ ಸಿಕ್ಕಿಕೊಂಡಿದೆ ಎಂಬುದಕ್ಕೆ ಅದೇ ಗುರುತು. ಪುಸ್ತಕದಲ್ಲಿ ನೂರು ಸಲ ಓದಿದ್ದೆ, ಆದರೆ ನನ್ನ ಕೈಯಲ್ಲಿ ಆಗುವಾಗ ಗುರುತು ಸಿಗಲಿಲ್ಲ.

"ಬಿಡ್ರಿ," ಎಂದರು ಮೇಡಂ.

ಛಲೋ ನಡೆದಿದೆ ಎಂದುಕೊಂಡು ನಾನು ಎಳೆದೆ.

ಹರಿಯುವಾಗ ಸದ್ದಾಗುವುದಿಲ್ಲ. ಕಪ್ಪಗಿನ ದುಂಡನೆಯ ಕಿಂಡಿಯೊಂದು ಅಗಲವಾಗುತ್ತ ಹೋಯಿತು. ಮೇಡಂ ನನ್ನನ್ನು ಎಬ್ಬಿಸಿ ತಾವು ಕೂತರು. ಮುಂದೆ ಬಂದ ಲೋಳೆಯನ್ನೆಲ್ಲ ಕತ್ತರಿಸಿ ತೆಗೆದು, ಉಳಿದ ಚೀಲದ ಅಂಚಿನ ಮೇಲೆ ಲೆನ್ಸ್ ಕೂರಿಸಲು ಒಂದು ತಾಸು ಹಿಡಿಯಿತು. ಕಂಡಕ್ಟರರಿಗೆ ದೃಷ್ಟಿ ಬಂತು, ತಿಂಗಳುಗಟ್ಟಲೆ ತಡವಾಗಿ ಬಂತು. ನಡೆದದ್ದನ್ನು ಮೇಡಂ ಅವರಿಗೆ ಮುಚ್ಚಿಡದೆ ಹೇಳಿದ್ದರು. ಆದರೂ ಅವರು ಪ್ರತಿ ಸಲ ಬಂದಾಗ ನನಗೆ ಕೈಮುಗಿಯುತ್ತಿದ್ದರು. ಅವರ ಸರದಿ ಬರುವ ಹೊತ್ತಿಗೆ ನಾನು ಯಾವುದಾದರೂ ನೆವ ಹೇಳಿ ಆಚೆ ಹೋಗುತ್ತಿದ್ದೆ.

ಆ ದಿನ ಕೈ ತೊಳೆಯುವ ಕಟ್ಟೆಯ ಹತ್ತಿರ ಮೇಡಂ ಕೇಳಿದರು. "ಬಿಡ್ರಿ ಅಂದ್ನೆಲ್ಲ, ಯಾಕ ಬಿಡ್ಲಿಲ್ರಿ?"

"ನೀವು ಸುಮ್ಮ ಬಿಡ್ರಿ ಅಂದೀರಿ ಅಂತ ತಿಳದೆ ಮೇಡಂ."

ಅವರು ನಳ ಬಂದ್ ಮಾಡಿ ನನ್ನನ್ನೇ ನೋಡಿದರು. ಎಷ್ಟು ಜನರಿಗೆ ಕಲಿಸಿದ್ದರೋ, ಈ ಗೊಂದಲ ಯಾರೂ ಅವರಿಗೆ ಹೇಳಿರಲಿಲ್ಲ. "ನಿಮ್ಮದೊಂದs ಅಲ್ಲ, ನನ್ನ ತಪ್ಪೂ ಅದ. ಇನ್ನಮ್ಯಾಲ ಓಟಿಯೊಳಗ ಬಿಡ್ರಿ ಅನ್ನೂದು ಬಿಟ್ಟಬಿಡೋಣು ಬಿಡ್ರಿ," ಎಂದರು. ಏನು ಹೇಳಿದೆವೆಂದು ಅವರಿಗೇ ಹೊಳೆದು ನಗು ಬಂತು. ನಾನು ನಗಲಿಲ್ಲ. ಅವರೇ ಹೊಸ ಮಾತು ಗೊತ್ತುಮಾಡಿದರು: ಚೀಲ ಸಿಕ್ಕರೆ 'ಸಡ್ಲ' ಎನ್ನುವುದು. ಸಡ್ಲ ಅಂದರೆ ಎಳೆಯುವುದು ನಿಲ್ಲಿಸಿ, ಪಿಸ್ಟನ್ ಒಂದು ಕೂದಲೆಳೆಯಷ್ಟು ಮುಂದಕ್ಕೆ ಒತ್ತಿ, ಹಿಡಿದದ್ದನ್ನು ಸಡಿಲ ಮಾಡುವುದು.

ಮಾತು ಬದಲಾಯಿತು, ನನ್ನ ಅಂಜಿಕೆ ಹೋಗಲಿಲ್ಲ. ಬೀಜ ತೆಗೆಯುವ ತನಕ ಕೈ ಗಟ್ಟಿಯಾಗಿರುತ್ತಿತ್ತು. ಕಾರ್ಟೆಕ್ಸ್ ಬಂದ ಕೂಡಲೇ ಮಣಿಕಟ್ಟು ನೋಯುತ್ತದೆ ಎಂದು ಹೇಳಿ ಎದ್ದುಬಿಡುತ್ತಿದ್ದೆ. ನೋವು ಇರಲಿಲ್ಲ. ಮೇಡಂಗೆ ಗೊತ್ತಿತ್ತು, ತಾವೇ ಕೂತು ಮುಗಿಸುತ್ತಿದ್ದರು. ಮುಂಜಾನೆ ಮಟನ್ ಅಂಗಡಿಗೆ ಹೋಗಿ ಆಡಿನ ಕಣ್ಣು ತಂದು ಅದರ ಮೇಲೆ ರೂಢಿ ಮಾಡಿದೆ. ಅಂಗಡಿಯ ಚಾಚಾ, "ಎಲ್ಲಾರೂ ತಲೀ ಕೇಳ್ತಾರ, ನೀವು ಬರೇ ಕಣ್ಣ ಕೇಳ್ತೀರಿ, ಏನ ಪಲ್ಯಾ ಮಾಡ್ತೀರ್ರಿ ಇದರದು?" ಎಂದು ಕಾಡಿಸುತ್ತಿದ್ದರು. ಆಡಿನ ಕಣ್ಣಿನ ಚೀಲ ಗಟ್ಟಿ, ಎಳೆದರೂ ತಡೆಯುತ್ತದೆ. ಅದರಿಂದ ನನ್ನ ಕೈ ಪಳಗಿತು, ಧೈರ್ಯ ಬರಲಿಲ್ಲ.

ಶಿರಗುಪ್ಪಿಯ ಅಜ್ಜಿ ಬಂದದ್ದು ಅಂಥ ದಿನಗಳಲ್ಲಿ. ಸಣ್ಣವರಿದ್ದಾಗ ಕೊಯ್ದ ಜೋಳದ ಮೊನಚು ಕೂಳೆ ಚುಚ್ಚಿ ಎಡಗಣ್ಣು ಹೋಗಿತ್ತು. ಈಗ ಬಲಗಣ್ಣಿಗೆ ಪೊರೆ ಬಂದು ಪೂರ್ತಿ ಬೆಳ್ಳಗಾಗಿತ್ತು. ಬೆಳಕು ಗೊತ್ತಾಗುತ್ತಿತ್ತು, ಮುಂದೆ ಕೈ ಆಡಿಸಿದರೆ ನೆರಳು ಗೊತ್ತಾಗುತ್ತಿತ್ತು. ಅಷ್ಟೇ. ಸುಗ್ಗಿಯಲ್ಲಿ ಒಣಮೆಣಸಿನಕಾಯಿ ಆರಿಸುವುದು ಅವರ ಕೆಲಸವಾಗಿತ್ತು, ಕೆಂಪನೆಯದು ಒಂದು ಕಡೆ, ಬಿಳಿಚಿಕೊಂಡದ್ದು ಒಂದು ಕಡೆ. ಅದನ್ನು ಬಿಟ್ಟು ಎರಡು ಸುಗ್ಗಿ ಆಗಿದ್ದವು. ಸೊಸೆ ಕೈಹಿಡಿದು ಕರೆತಂದಿದ್ದಳು.

"ದೊಡ್ಡ ಡಾಕ್ಟರ ಮಾಡ್ತಾರಲ್ರಿ ಅಕ್ಕಾರ?" ಎಂದು ಸೊಸೆ ಕೇಳಿದಳು.

"ಹೌದ್ರಿ, ದೊಡ್ಡ ಮೇಡಂ ಅವರs ಮಾಡ್ತಾರ," ಎಂದೆ. ಆ ಕ್ಷಣಕ್ಕೆ ಅದು ಸತ್ಯವೇ ಆಗಿತ್ತು. ಒಂದೇ ಕಣ್ಣಿನವರನ್ನು ಕಲಿಯುವವರ ಕೈಗೆ ಯಾರೂ ಕೊಡುವುದಿಲ್ಲ.

ಅಜ್ಜಿ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಇದೊಂದs ಉಳದೈತೆವ್ವಾ. ಇದೂ ಹೋತಂದ್ರ ನನ್ನ ಬಚ್ಚಲಕ್ಕ ಕರಕೊಂಡ ಹೋಗೂದು ಈಕಿ ಪಾಲಿಗೆ ಬರತೈತಿ. ಅಷ್ಟ ನೋಡ್ಕೊಳ್ರಿ."

ಆಪರೇಶನ್ ದಿನ ಥಿಯೇಟರಿನಲ್ಲಿ ಎರಡು ಮೇಜುಗಳಿದ್ದವು. ಒಂದರ ಮೇಲೆ ಅಜ್ಜಿ, ಇನ್ನೊಂದರ ಮೇಲೆ ಮುಂದಿನ ಸರದಿಯ ಮುದುಕರೊಬ್ಬರು. ಮೇಡಂ ಅಜ್ಜಿಯ ಕಣ್ಣು ಕೈಗೆತ್ತಿಕೊಂಡರು. ನಾನು ಸಹಾಯಕ್ಕೆ ಕೂತೆ. ಬೀಜ ದೊಡ್ಡದು, ಕಂದು ಬಣ್ಣದ್ದು. ಅದನ್ನು ಮೇಡಂ ಕಣ್ಣಿನಂಚಿನಲ್ಲಿ ಕೊಯ್ದ ಗಾಯದಿಂದ ಹೊರಗೆ ತಂದ ಹೊತ್ತಿಗೇ ಆಚೆ ಮೇಜಿನಿಂದ ಸಿಸ್ಟರ್ ಒಬ್ಬರು ಕೂಗಿದರು. "ಮೇಡಂ, ಲಗೂನ ಬರ್ರಿ! ಅಜ್ಜಾರು ಮಾತಾಡವಲ್ರು!"

ಮರಗಟ್ಟಿಸುವ ಇಂಜೆಕ್ಷನ್ ಆದ ಮೇಲೆ ಮುದುಕರು ಬೆವರಿ, ಕಣ್ಣು ಮೇಲೆ ಮಾಡಿ, ಉತ್ತರ ಕೊಡದೆ ಮಲಗಿದ್ದರು. ಮೇಡಂ ಎದ್ದರು. "ಜೆಲ್ ತುಂಬಿಡ್ರಿ. ಏನೂ ಮುಟ್ಟಬ್ಯಾಡ್ರಿ. ನಾ ಬಂದು ಕಾರ್ಟೆಕ್ಸ್ ತಗೀತೇನಿ," ಎಂದು ಕೈಗವಸು ಕಿತ್ತೆಸೆದು ಓಡಿದರು.

ನಾನು ಅವರ ಸ್ಟೂಲಿಗೆ ಬಂದು ಕಣ್ಣಿನೊಳಗೆ ಜೆಲ್ ತುಂಬಿದೆ. ಅದು ಚೀಲವನ್ನು ಹಿಂದಕ್ಕೆ ಒತ್ತಿಹಿಡಿಯುತ್ತದೆ. ನಾನು ಕೈ ಮಡಿಲಲ್ಲಿಟ್ಟು ಕಾದೆ. ಆಚೆ ಮೇಜಿನಲ್ಲಿ ಕಾಲು ಎತ್ತಿ ಹಿಡೀರಿ, ಸಲೈನ್ ಹಚ್ಚರಿ, ಸಕ್ಕರಿ ನೋಡ್ರಿ ಎಂಬ ಗದ್ದಲ. ಮುಖದ ಮೇಲೆ ಬಟ್ಟೆ ಹೊದ್ದಿದ್ದ ಅಜ್ಜಿಗೆ ಏನೂ ಕಾಣುವಂತಿರಲಿಲ್ಲ, ಆದರೆ ಗದ್ದಲವೆಲ್ಲ ಕೇಳಿಸುತ್ತಿತ್ತು.

"ಯಾರಿಗೇನಾತವ್ವಾ? ಸತ್ರೇನು?"

"ಇಲ್ರಿ ಅಜ್ಜಿ. ನೀವು ಅಲಗಾಡಬ್ಯಾಡ್ರಿ."

ಅವರು ಅಲುಗಾಡಲಿಲ್ಲ, ಆದರೆ ಮೈ ಬಿಗಿಹಿಡಿದರು. ಉಸಿರು ಕಟ್ಟಿದರು. ಸೂಕ್ಷ್ಮದರ್ಶಕದಲ್ಲಿ ಚೀಲದ ಹಿಂಗೋಡೆ ಮುಂದಕ್ಕೆ ಉಬ್ಬುವುದು ಕಂಡಿತು. ಗಾಯದಿಂದ ಜೆಲ್ ಸ್ವಲ್ಪ ಸ್ವಲ್ಪವೇ ಆಚೆ ಬರತೊಡಗಿತು.

"ಮೇಡಂ, ಜೆಲ್ ಹೊರಗ ಬರ್ಲಿಕ್ಕತ್ತದ," ಎಂದು ಕೂಗಿದೆ.

ಅವರು ಮುದುಕರ ಕೈಯಲ್ಲಿ ಸೂಜಿ ಚುಚ್ಚುತ್ತಿದ್ದರು, ತಲೆ ಎತ್ತಲಿಲ್ಲ. "ಕಾಯಬ್ಯಾಡ್ರಿ ಹಂಗಾದ್ರ. ನೀವs ತಗೀರಿ."

"ಮೇಡಂ, ಒಂದs ಕಣ್ಣು ಅದ."

"ಅದಕ್ಕs ಹೇಳ್ಲಿಕ್ಕತ್ತೇನಿ. ಗಾಯ ತೆರದಿಟ್ಟು ಕೂಡಬ್ಯಾಡ್ರಿ."

ಮಣಿಕಟ್ಟು ನೋಯುತ್ತದೆ ಎಂದು ಹೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಎದ್ದು ಓಡಿಹೋಗಬೇಕು ಎಂದು ನಿಜವಾಗಿಯೂ ಅನಿಸಿತು. ಓಡಿದರೆ ಉಣಕಲ್ ಕೆರೆಯ ತನಕ ಓಡಿಬಿಡುತ್ತೇನೆ ಎಂಬಷ್ಟು ಕಾಲು ತಹತಹಿಸುತ್ತಿದ್ದವು.

"ಸಿಸ್ಟರ್, ಬಾಟ್ಲಿ ಎಷ್ಟೈತ್ರಿ?" ಎಂದು ನಮ್ಮ ಮೇಜಿನ ಸಿಸ್ಟರನ್ನು ಕೇಳಿದೆ.

"ಕಾಲಷ್ಟ ಐತ್ರಿ, ಸಾಕಾಗತೈತಿ."

"ಹೊಸಾದು ಹಚ್ಚರಿ." ನಡುವೆ ನೀರು ತೀರಿದರೆ ಕಣ್ಣು ಕುಸಿದು ಚೀಲ ತಾನಾಗಿಯೇ ಕ್ಯಾನುಲಾದ ಬಾಯಿಗೆ ಬಂದು ಬೀಳುತ್ತದೆ. ಸಿಸ್ಟರ್ ಬಾಟಲಿ ಬದಲಿಸುವ ತನಕ ಎರಡು ಸಲ ಉಸಿರು ಎಳೆದುಕೊಂಡೆ. ಆಮೇಲೆ ಕ್ಯಾನುಲಾ ಇಳಿಸಿದೆ.

ಕಣ್ಣನ್ನು ಗಡಿಯಾರದ ಮುಖ ಎಂದುಕೊಂಡರೆ, ನಾವು ಕೊಯ್ಯುವುದು ಮೇಲೆ, ಹನ್ನೆರಡು ಗಂಟೆಯ ಜಾಗದಲ್ಲಿ. ಎದುರಿಗಿರುವ ಆರು ಗಂಟೆಯ ಕಾರ್ಟೆಕ್ಸ್ ಎಲ್ಲಕ್ಕಿಂತ ಸುಲಭ. ಅಲ್ಲಿಂದ ಶುರುಮಾಡಿದೆ. ಅಂಚಿಗೆ ಹೋಗು, ಬಾಯಿ ಮೇಲೆ ಇರಲಿ, ಮೆಲ್ಲಗೆ ಹಿಡಿ, ಕಾರ್ಟೆಕ್ಸ್ ಬಾಯಿ ಮುಚ್ಚಿತೇ ನೋಡು, ನಡುವಿಗೆ ತಾ, ಈಗ ಎಳೆ. ಮಗುವಿಗೆ ಹೇಳುವ ಹಾಗೆ ನನಗೆ ನಾನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಬಿಳಿಯ ಹಾಳೆಯಂತೆ ಒಂದು ಪದರ ಸುಲಿದು ಬಂತು. ಆಮೇಲೆ ಮೂರು ಗಂಟೆ, ಒಂಬತ್ತು ಗಂಟೆ. ಅಲ್ಲಿ ನೇರ ಎಳೆಯದೆ ಅಂಚಿನ ಉದ್ದಕ್ಕೂ ಓರೆಯಾಗಿ ಎಳೆದೆ. ಚೀಲವನ್ನು ಕಣ್ಣಿಗೆ ಕಟ್ಟಿಹಿಡಿದ ನಾರುಗಳು ವಯಸ್ಸಾದವರಲ್ಲಿ ಸೊರಗಿರುತ್ತವೆ, ನೇರ ಎಳೆತ ತಡೆಯುವುದಿಲ್ಲ.

ಉಳಿದದ್ದು ಹನ್ನೆರಡು ಗಂಟೆಯದು. ಅದು ಕ್ಯಾನುಲಾ ಒಳಹೋದ ಬಾಗಿಲಿನ ಕೆಳಗೇ ಅಡಗಿರುತ್ತದೆ. ಹಿಡಿಯಬೇಕೆಂದರೆ ಕ್ಯಾನುಲಾವನ್ನು ಹಿಂದಕ್ಕೆ ಎಳೆದು ಓರೆ ಮಾಡಬೇಕು, ಆಗ ಬಾಯಿ ಅರ್ಧ ಮರೆಯಾಗುತ್ತದೆ. ಗಾಯ ಬಾಯ್ದೆರೆದು ನೀರು ಸೋರುತ್ತದೆ, ಕಣ್ಣು ಕುಸಿಯಲು ನೋಡುತ್ತದೆ. ಪಕ್ಕದಲ್ಲಿ ಮಾಡಿದ್ದ ಸಣ್ಣ ರಂಧ್ರದಿಂದ ಹೋಗೋಣ ಎಂದು ಕ್ಯಾನುಲಾ ತೆಗೆದು, ಅಲ್ಲಿಂದ ಇಳಿಸಿದೆ. ಒಂದು ತುಣುಕು ಸಿಕ್ಕಿತು. ಎರಡನೆಯದಕ್ಕೆ ಹೋದೆ.

ಗೆರೆಗಳು ಕಂಡವು. ಸುತ್ತಲೂ ಸಣ್ಣ ನೆರಿಗೆಗಳು.

ಈ ಸಲ ಪಕ್ಕದಲ್ಲಿ ಮೇಡಂ ಇರಲಿಲ್ಲ. "ಸಡ್ಲ," ಎಂದು ನಾನೇ ಗಟ್ಟಿಯಾಗಿ ಹೇಳಿಬಿಟ್ಟೆ, ನನ್ನ ಕೈಗೆ ಕೇಳಿಸಲಿ ಎಂಬಂತೆ. ಬೆರಳು ಪಿಸ್ಟನ್ನನ್ನು ಮುಂದಕ್ಕೆ ಒತ್ತಿತು. ಆದರೂ ಗೆರೆ ಹೋಗಲಿಲ್ಲ. ಹಿಂದಿನಿಂದ ಒತ್ತಡ ಇತ್ತು, ಚೀಲ ಬಾಯಿಗೆ ಒತ್ತಿಕೊಂಡೇ ಇತ್ತು. "ಸಡ್ಲ, ಸಡ್ಲ," ಎಂದೆ. ನನ್ನ ದನಿ ಅಳುವಿನ ಹಾಗೆ ಇತ್ತು.

ಬಟ್ಟೆಯ ಕೆಳಗಿಂದ ಅಜ್ಜಿ ಮಾತಾಡಿದರು. "ಬಿಟ್ಟೆ ತಗೋವ್ವಾ, ಸಡ್ಲ ಬಿಟ್ಟೆ. ನೀ ಅಂಜಬ್ಯಾಡ."

ನಾನು ಅವರಿಗೇ ಹೇಳುತ್ತಿದ್ದೇನೆ ಎಂದು ತಿಳಿದಿದ್ದರು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟರು. ಮುಷ್ಟಿ ಬಿಚ್ಚಿದರೆಂದು ಸಿಸ್ಟರ್ ಆಮೇಲೆ ಹೇಳಿದರು. ನನಗೆ ಕಂಡದ್ದು ಇಷ್ಟೇ: ಉಬ್ಬಿದ್ದ ಹಿಂಗೋಡೆ ನಿಧಾನಕ್ಕೆ ಹಿಂದೆ ಸರಿಯಿತು, ನೆರಿಗೆಗಳು ಒಂದೊಂದಾಗಿ ಮಾಯವಾದವು. ಚೀಲ ಕ್ಯಾನುಲಾದ ಬಾಯಿಂದ ಕಳಚಿಕೊಂಡಿತ್ತು. ಹರಿದಿರಲಿಲ್ಲ.

"ಹಂಗs ಇರ್ರಿ ಅಜ್ಜಿ. ಉಸರ ಆಡಸ್ಕೋತ ಇರ್ರಿ," ಎಂದೆ. ಕ್ಯಾನುಲಾ ಹೊರಗೆ ತೆಗೆದು ಮತ್ತೆ ಜೆಲ್ ತುಂಬಿದೆ.

ಆಮೇಲೆ ಲೆನ್ಸನ್ನು ಚೀಲದೊಳಗೆ ಕೂರಿಸಿದೆ. ಅದಕ್ಕೆ ಎರಡು ಬಾಗಿದ ಕಾಲುಗಳಿರುತ್ತವೆ. ಲೆನ್ಸನ್ನು ಮೆಲ್ಲಗೆ ತಿರುಗಿಸಿದರೆ ಆ ಕಾಲುಗಳು ಅಂಚನ್ನು ಸವರುತ್ತ ಹೋಗಿ ಅಂಟಿದ ಕಾರ್ಟೆಕ್ಸನ್ನು ಎಬ್ಬಿಸುತ್ತವೆ. ಹಿಂಗೋಡೆಗೆ ಲೆನ್ಸೇ ಅಡ್ಡ ನಿಲ್ಲುವುದರಿಂದ ಹೀರುವಾಗ ಅಪಾಯವೂ ಕಡಿಮೆ. ತಿರುಗಿಸಿದೆ. ದೊಡ್ಡದೊಂದು ತುಣುಕು ತೇಲಿ ಬಂತು. ಅದನ್ನು ಹೀರಿದೆ. ಹನ್ನೆರಡು ಗಂಟೆಯಲ್ಲಿ ಒಂದು ಎಳೆ ಮಾತ್ರ ಉಳಿಯಿತು, ಅಂಚಿನ ಹಿಂದೆ ಅರ್ಧ ಅಡಗಿ.

ಸಿಸ್ಟರ್ ಟಿವಿ ಪರದೆಯ ಮೇಲೆ ನೋಡುತ್ತಿದ್ದರು. "ಚೂರs ಐತ್ರಿ ಡಾಕ್ಟರ, ಎಳದಬಿಡ್ರಿ."

ಎಳೆಯಬಹುದಿತ್ತು. ಹತ್ತರಲ್ಲಿ ಒಂಬತ್ತು ಸಲ ಬರುತ್ತಿತ್ತು ಕೂಡ. ಉಳಿಸಿದರೆ ಅದು ನೀರು ಕುಡಿದು ಉಬ್ಬುತ್ತದೆ, ಕಣ್ಣು ಕೆರಳುತ್ತದೆ, ಒತ್ತಡ ಏರಬಹುದು. ಆದರೆ ಅದಕ್ಕೆ ಔಷಧ ಇದೆ, ಸಣ್ಣ ಎಳೆಯಾದರೆ ಕಣ್ಣು ತಾನೇ ಕರಗಿಸಿಕೊಳ್ಳುತ್ತದೆ. ಆ ಹತ್ತನೆಯ ಸಲಕ್ಕೆ ಮಾತ್ರ ಅಜ್ಜಿಯ ಬಳಿ ಇನ್ನೊಂದು ಕಣ್ಣಿರಲಿಲ್ಲ. ಕ್ಯಾನುಲಾವನ್ನು ಟ್ರೇಯಲ್ಲಿ ಇಟ್ಟೆ.

"ಇರಲಿ ಅದು," ಎಂದೆ.

ಆಚೆ ಮೇಜಿನ ಮುದುಕರಿಗೆ ಸಕ್ಕರೆ ತೀರಾ ಇಳಿದಿತ್ತಂತೆ. ಗ್ಲೂಕೋಸ್ ಹೋದ ಮೇಲೆ ಎಚ್ಚರವಾಗಿ ಚಹಾ ಕೇಳಿದರು. ಮೇಡಂ ಬಂದು ನನ್ನ ಭುಜದ ಮೇಲಿಂದ ಬಗ್ಗಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

"ಒಂದೆಳಿ ಉಳಸೀರಿ."

"ಹೌದ್ರಿ ಮೇಡಂ."

"ನಾಳೆ ನೋಡೋಣು," ಎಂದರು. ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದಾಗ ನನ್ನ ಭಯ ನಿಜವಾಗಿತ್ತು. ಎಳೆ ಉಬ್ಬಿ ಹತ್ತಿಯಂತೆ ಅರಳಿತ್ತು, ಕಣ್ಣಿನ ಮುಂಭಾಗವೆಲ್ಲ ಮಬ್ಬು. "ಬೆಳಕ ಛಲೋ ಕಾಣತೈತಿ. ಮಂದಿ ಹೊಗ್ಯಾಗ ನಿಂತಂಗ ಕಾಣ್ತಾರ," ಎಂದರು ಅಜ್ಜಿ. ಪಕ್ಕದ ಮಂಚದವರು ಆಗಲೇ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ಸೊಸೆ ಅದನ್ನು ನೋಡಿ ನನ್ನ ಕಡೆ ನೋಡಿದಳು.

ಮೇಡಂ ಏನಾದರೂ ಹೇಳುವ ಮೊದಲೇ ನಾನು ಹೇಳಿದೆ. "ಬೀಜ ದೊಡ್ಡ ಮೇಡಂ ತಗದ್ರು. ಆಮ್ಯಾಲಿಂದು ನಾ ಮಾಡೇನ್ರಿ. ಒಂದು ಎಳಿ ಬೇಕಂತs ಉಳಸೇನಿ. ತಗೀಲಿಕ್ಕೆ ಹೋಗಿದ್ರ ಕಣ್ಣಿಗೆ ಧಕ್ಕೆ ಆಗ್ತದ ಅಂತ ಅಂಜಿದೆ."

"ದೊಡ್ಡವ್ರು ಮಾಡ್ತಾರ ಅಂದಿದ್ರೆಲ್ರಿ," ಎಂದಳು ಸೊಸೆ. ಜೋರಾಗಿ ಹೇಳಲಿಲ್ಲ.

ಮೇಡಂ ಅವಳನ್ನು ಕೂರಿಸಿಕೊಂಡು, ಪಕ್ಕದ ಮೇಜಿನಲ್ಲಿ ಏನಾಯಿತು, ತಾವು ಯಾಕೆ ಏಳಬೇಕಾಯಿತು ಎಂದು ಎಲ್ಲ ಬಿಡಿಸಿ ಹೇಳಿದರು. ಅವಳು ತಲೆ ಆಡಿಸಿದಳು. ನಂಬಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಗಂಟೆಗೊಮ್ಮೆ ಹನಿ ಹಾಕುವುದು ಬರೆದುಕೊಟ್ಟೆವು. ಮೂರನೆಯ ದಿನ ತಪಾಸಣೆಗೆ ಬಂದಾಗ ಒತ್ತಡ ಏರಿತ್ತು. ಗುಳಿಗೆ ಕೊಟ್ಟೆವು. ಅದು ಇಳಿಯದಿದ್ದರೆ ಮತ್ತೆ ಥಿಯೇಟರಿಗೆ ಒಯ್ಯುವುದು, ಎಳೆ ತೆಗೆಯುವುದು ಎಂದಾಯಿತು. ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಆ ಎಳೆಯೇ ಕಾಣುತ್ತಿತ್ತು. ದಿನಾ ಮುಂಜಾನೆ ಬಸ್ಸಿನಲ್ಲಿ ಕೂತು ಸೊಸೆಗೆ ಫೋನ್ ಮಾಡುತ್ತಿದ್ದೆ.

"ಹೆಂಗೈತ್ರಿ?"

"ಹಂಗs ಐತ್ರಿ."

ಆರನೆಯ ದಿನ "ಚೂರು ತಿಳಿ ಆಗೇತಿ ಅಂತಾರ್ರಿ," ಎಂದಳು. ನಾನು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡೆ.

ಎಂಟನೆಯ ದಿನ ಅಜ್ಜಿ ಸೊಸೆಯ ಕೈ ಹಿಡಿಯದೆ ಬಂದರು. ತಪಾಸಣೆಯ ಯಂತ್ರಕ್ಕೆ ಗದ್ದ ಕೊಟ್ಟು ಕೂತರು. ನಾನು ದೀಪ ಹಚ್ಚಿ ನೋಡಿದೆ. ಎಳೆ ಕುಗ್ಗಿ ಅಂಚಿಗೆ ಸರಿದಿತ್ತು. ನಡುವೆ ಲೆನ್ಸ್ ಸ್ವಚ್ಛ, ಅದರ ಹಿಂದೆ ಚೀಲ ಇಡಿಯಾಗಿ. ಒತ್ತಡ ಇಳಿದಿತ್ತು. ಎರಡನೆಯ ಸಲ ಅಳೆದೆ, ಅಷ್ಟೇ ಬಂತು. ಮೂರನೆಯ ಸಲವೂ ಅಳೆದೆ.

ದೀಪ ಆರಿಸಿ ನಾನು ಯಂತ್ರದ ಹಿಂದಿನಿಂದ ಮುಖ ಆಚೆ ತಂದೆ. ಅಜ್ಜಿ ನನ್ನನ್ನೇ ದಿಟ್ಟಿಸುತ್ತಿದ್ದರು.

"ಅವತ್ತ ನನ್ನ ಕಣ್ಣ ಮಾಡಿದಾಕಿ ನೀನs ಏನು?"

"ಹೌದ್ರಿ ಅಜ್ಜಿ."

"ಇಷ್ಟ ಸಣ್ಣಾಕಿ ಅದೀಯೇನs! ಮದ್ಲ ಕಂಡಿದ್ರ ನಿನ್ನ ಕೈಯಾಗ ಕಣ್ಣ ಕೊಡ್ತಿದ್ದಿಲ್ಲ ನೋಡು ನಾ."

"ಅತ್ತೀ, ಸುಮ್ನಿರ್ರಿ," ಎಂದು ಸೊಸೆ ಅವರ ತೋಳು ಹಿಡಿದಳು.

"ನಾನರ ಎಲ್ಲಿ ಕೊಡ್ತಿದ್ದೆ, ಅಜ್ಜಿ," ಎಂದೆ.

ಅವರು ನಗಲಿಲ್ಲ. ಮುಂದಕ್ಕೆ ಬಾಗಿ, ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳಗೆ ಮೆಲ್ಲಗೆ ಸವರಿದರು.

"ಇಲ್ಲಿ ಕರ್ರಗಾಗೇತೆಲ್ಲವ್ವಾ. ಎಂಟ ದಿನಾ ನಿದ್ದಿ ಮಾಡಿಲ್ಲೇನು?"

ಅಷ್ಟು ಸಣ್ಣದು ಅವರಿಗೆ ಕಂಡಿತ್ತು. ನಾನು ಅದೇ ಸ್ಟೂಲಿನ ಮೇಲೆ ಕೂತು, ಹೊರಗೆ ಸರದಿಯಲ್ಲಿದ್ದವರೆಲ್ಲ ನೋಡುತ್ತಿದ್ದಂತೆ, ಅತ್ತುಬಿಟ್ಟೆ.